ಶುಕ್ರವಾರದ ಅರ್ಧ ತುಂಡು

ಇಂತಿಸಾರ್ ಕಾಫಿಯನ್ನು ಮೂರನೇ ಸಲ ಉಕ್ಕಿಸಿ, ಚಮಚೆಯ ತುದಿಯಿಂದ ರುಚಿ ನೋಡಿದಳು. ನಾಲಿಗೆ ಮರಗಟ್ಟುವಷ್ಟು ಕಹಿ. ಸಾವಿನ ಮನೆಯ ಕಾಫಿಗೆ ಮೂರು ದಿನ ಸಕ್ಕರೆ ಬೀಳಬಾರದು. ಈ ಮನೆಯಲ್ಲಂತೂ ಗಂಡ ರುಶ್ದಿಗೆ ಸಕ್ಕರೆ ಕಾಯಿಲೆ ಬಂದ ಹದಿನೆಂಟು ವರ್ಷದಿಂದ ಬಿದ್ದಿರಲಿಲ್ಲ.

ಗಂಡಸರು ರುಶ್ದಿಯನ್ನು ಹೊತ್ತು ನಾಬ್ಲುಸಿನ ಹಳೇಪೇಟೆಯ ಮೆಟ್ಟಿಲಿಳಿದು ಹೋಗಿ ಅರ್ಧ ಗಂಟೆಯಾಗಿತ್ತು. ನಲವತ್ತು ವರ್ಷ ಊರವರ ರಜಾಯಿಗಳಿಗೆ ಉಣ್ಣೆ ತುಂಬಿ ಹೊಲಿದ ಮನುಷ್ಯ, ಈ ಭಾನುವಾರ ಬೆಳಗ್ಗೆ ಸೂಜಿಗೆ ದಾರ ಪೋಣಿಸುತ್ತಲೇ ಪಕ್ಕಕ್ಕೆ ವಾಲಿಬಿಟ್ಟಿದ್ದ. ಹೃದಯ ನಿಂತಿತು ಅಂದರು ಡಾಕ್ಟರು. ಇಂತಿಸಾರಳಿಗೆ ಅಳುವುದಕ್ಕೂ ತ್ರಾಣವಿರಲಿಲ್ಲ.

"ಅತ್ತಿಗೆ, ಇಲ್ಲಿ ಬಂದು ಕೂತ್ಕೋ," ಅಂದಳು ರುಶ್ದಿಯ ತಂಗಿ ಬದ್ರಿಯ್ಯಾ.

"ಕೂತ್ರೆ ಮತ್ತೆ ಏಳಕ್ಕಾಗಲ್ಲ ಕಣೇ."

ಬದ್ರಿಯ್ಯಾ ಕಾಫಿ ಗುಟುಕರಿಸಿ ಮುಖ ಕಿವುಚಿದಳು. ಆಮೇಲೆ ಬಿಕ್ಕಿದಳು. "ನನ್ನ ಕ್ಷಮಿಸು. ಪ್ರತಿ ಮಂಗಳವಾರ ನಮ್ಮನೇಗೆ ಬಂದು ಎರಡು ತುಂಡು ಬಕ್ಲಾವಾ ಸಿಹಿ ತಿಂದು ಹೋಗ್ತಿದ್ದ. ನಿಂಗೆ ಹೇಳಬಾರದು ಅಂತ ಆಣೆ ಹಾಕಿಸಿಕೊಂಡಿದ್ದ."

"ನಿಮ್ಮನೇಲೂನಾ?" ಕೆಳಮನೆಯ ಸಮೀಹಾ ಬಟ್ಟಲನ್ನು ಕೆಳಗಿಟ್ಟಳು. "ನಂಗೂ ಆಣೆ ಹಾಕಿಸಿದ್ದ! ನನ್ನ ಕಷ್ಟ ಅರ್ಥ ಮಾಡ್ಕೊಂಡಿರೋಳು ನೀನೊಬ್ಬಳೇ ಅಂತಿದ್ದ."

"ಅಯ್ಯೋ ಕಳ್ಳ! ನಂಗೂ ಅದೇ ಮಾತು!"

ಹೆಂಗಸರು ನಕ್ಕುಬಿಟ್ಟರು, ತಕ್ಷಣ ತಲೆವಸ್ತ್ರದ ಅಂಚಿನಲ್ಲಿ ಬಾಯಿ ಮುಚ್ಚಿಕೊಂಡರು. ಇಂತಿಸಾರ್ ನಗಲಿಲ್ಲ. ಹದಿನೆಂಟು ವರ್ಷ ಬೆರಳಿಗೆ ಚುಚ್ಚಿದ್ದು, ರೊಟ್ಟಿ ಅಳೆದು ಹಾಕಿದ್ದು ಎಲ್ಲ ಹೊಳೆಗೆ ಹಾಕಿದ ಹಾಗಾಯಿತಲ್ಲ ಅನ್ನಿಸಿತು. ಆದರೆ ಸಿಟ್ಟು ಬರುವ ಮೊದಲೇ ಒಂದು ಆಸೆ ಹುಟ್ಟಿತು: ಮೊನ್ನೆ ಶುಕ್ರವಾರವೂ ಎಲ್ಲಾದರೂ ತಿಂದಿರಲಿ.

* * *

ಮೊನ್ನೆ ಶುಕ್ರವಾರ ರುಶ್ದಿ ಎಂದಿನಂತೆ ನಮಾಜು ಮುಗಿಸಿ ಒಂದೇ ಒಂದು ತುಂಡು ಕುನಾಫಾ, ಪಾಕದಲ್ಲಿ ನೆನೆದ ಚೀಸಿನ ಸಿಹಿ, ತಂದಿದ್ದ. ಅದು ಅವರ ಒಪ್ಪಂದ: ವಾರಕ್ಕೊಂದು ತುಂಡು, ಇಬ್ಬರಿಗೂ ಅರ್ಧರ್ಧ. ಅದರ ಬದಲಿಗೆ ಆ ಮಧ್ಯಾಹ್ನ ಅವನಿಗೆ ರೊಟ್ಟಿಯಿಲ್ಲ, ಸಂಜೆ ಗುಡ್ಡದವರೆಗೆ ನಡಿಗೆ. ಅವಳಿಗೆ ಸಿಹಿ ಸೇರುತ್ತಿರಲಿಲ್ಲ. ಉಳಿದರೆ ಅವನ ಕಣ್ಣು ಅತ್ತಲೇ ಹೋಗುತ್ತದೆಂದು ಅಷ್ಟು ವರ್ಷವೂ ತಿಂದಿದ್ದಳು. ಚಾಕು ಮೋಸ ಮಾಡುತ್ತದೆ ಅನ್ನುತ್ತಿದ್ದ ಅವನು, ರಜಾಯಿಯ ದಾರವನ್ನು ಬಿಗಿಯಾಗಿ ಹಿಡಿದು ಎಳೆದು ಸರಿಸಮ ಎರಡು ಮಾಡುತ್ತಿದ್ದ.

ಅಂದು ದಾರ ಎಳೆದಾದ ಮೇಲೆ ಅವಳು ಅವನ ಬೆರಳು ಚುಚ್ಚಿ ಸಕ್ಕರೆ ಅಳೆಯುವ ಯಂತ್ರ ನೋಡಿದಳು. ಇನ್ನೂರ ತೊಂಬತ್ತು.

"ಈ ವಾರ ಬೇಡ."

"ಒಂದು ಚೂರು?"

"ಬೇಡ ಅಂದ್ರೆ ಬೇಡ. ನಿನ್ನ ಕಾಲು ಕತ್ತರಿಸೋ ದಿನ ನಾನಂತೂ ಆಸ್ಪತ್ರೆಗೆ ಬರಲ್ಲ."

ಹಾಗಂದು ತನ್ನ ಅರ್ಧವನ್ನು ಅವನೆದುರೇ ತಿಂದಳು. ಅವನ ಅರ್ಧ ಫ್ರಿಜ್ಜಿಗೆ ಹೋಯಿತು. ರುಶ್ದಿ ಚಪ್ಪಲಿ ಮೆಟ್ಟಿ ಹೊರಟ.

* * *

"ಮೊನ್ನೆ ಶುಕ್ರವಾರ?" ಇಂತಿಸಾರ್ ಕೇಳಿದಳು. "ಶುಕ್ರವಾರ ಯಾರ ಮನೇಗೆ ಬಂದಿದ್ದ?"

ಬದ್ರಿಯ್ಯಾ ತಲೆಯಾಡಿಸಿದಳು. ಸಮೀಹಾ ಬಟ್ಟಲಿನ ತಳ ನೋಡುತ್ತಿದ್ದಳು.

"ಹೇಳು ಸಮೀಹಾ. ನಾನು ಬೈಯಲ್ಲ."

"ಮೆಟ್ಟಿಲ ಮೇಲೆ ಸಿಕ್ಕಿದ್ದ. ಸಿಹಿ ಒಲೆಯಿಂದ ಈಗ ತಾನೇ ಇಳಿಸಿದೀನಿ, ಬಾ ಅಂತ ನಾನೇ ಕರೆದೆ."

"ತಿಂದನಾ?"

"ಇಲ್ಲ." ಸಮೀಹಾಳ ದನಿ ಇಳಿಯಿತು. "ಇವತ್ತು ಬೇಡ, ಇಂತಿಸಾರ್ ತುಂಬಾ ಹೆದರಿದಾಳೆ ಅಂದ. ಸೀದಾ ಗುಡ್ಡದ ಕಡೆ ನಡೆದ."

ಇಂತಿಸಾರ್ ಖಾಲಿ ಬಟ್ಟಲುಗಳನ್ನು ತಟ್ಟೆಗೆ ಜೋಡಿಸಿದಳು.

"ತಿಂದ ಅಂತ ಒಂದು ಸುಳ್ಳು ಹೇಳಬಾರದಿತ್ತಾ?" ಅಂದಳು.

ಅಡುಗೆಮನೆಗೆ ಹೋಗಿ ಫ್ರಿಜ್ಜು ತೆರೆದಳು. ಅರ್ಧ ತುಂಡು ಹಾಗೇ ಇತ್ತು, ಚೀಸು ಗಟ್ಟಿಯಾಗಿ ಬಿಳಿಚಿಕೊಂಡಿತ್ತು. ತಟ್ಟೆಯ ಅಂಚಿಗೆ ಅವನ ದಾರ ಅಂಟಿಕೊಂಡಿತ್ತು. ತುಂಡನ್ನು ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಬಿಸಿಮಾಡಿದಳು. ತುಪ್ಪದ ವಾಸನೆ, ಪಾಕದ ವಾಸನೆ ಸಾವಿನ ಮನೆಯ ತುಂಬ ಹರಡಿತು. ಹಜಾರದಿಂದ ಯಾರೂ ಎದ್ದು ಬರಲಿಲ್ಲ.

ಅವಳು ದಾರ ಬಿಡಿಸಿ, ಎರಡು ಬೆರಳಿಗೆ ಸುತ್ತಿ ಎಳೆದಳು. ದಾರ ವಾಲಿ ಒಂದು ತುಂಡು ದೊಡ್ಡದಾಯಿತು. ತಟ್ಟೆಯನ್ನು ಮೇಜಿನ ಮೇಲಿಟ್ಟು, ದೊಡ್ಡದನ್ನು ಅವನು ಕೂರುತ್ತಿದ್ದ ಸ್ಟೂಲಿನ ಕಡೆಗೆ ತಿರುಗಿಸಿದಳು.