ಬಿಳಿ ಭಾನುವಾರದ ಪ್ರಶ್ನೆ

"ಅಜ್ಜೀ, ಎಲ್ಲಾನೂ ದೇವ್ರು ಮಾಡ್ದ, ಸರಿ. ದೇವ್ರನ್ನ ಯಾರು ಮಾಡಿದ್ದು?"

ಸೃಷ್ಟಿಯ ವಾಕ್ಯವನ್ನು ಅರ್ಧಕ್ಕೇ ನಿಲ್ಲಿಸಿ ಮಾಸಿನಾ ಕೇಳಿದಳು. ಬಿಳಿ ಭಾನುವಾರ ಹತ್ತಿರ ಬಂದಿತ್ತು. ಆ ದಿನ ಊರಿನ ಮಕ್ಕಳೆಲ್ಲ ಬಿಳಿ ಬಟ್ಟೆ ತೊಟ್ಟು ಚರ್ಚಿನಲ್ಲಿ ಬಾಯಿಪಾಠ ಒಪ್ಪಿಸಬೇಕು. ಕಲಿಸುವ ಕೆಲಸ ತಿಲೋಮಾಯಿಯದು. ನಮ್ಮ ದ್ವೀಪದ ರಾಜಧಾನಿ ಆಪಿಯಾದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ, ನಿವೃತ್ತಳಾಗಿ, ತಮ್ಮನ ಮನೆಗೆ ಬಂದಿದ್ದಳು. ಮಾಸಿನಾ ಆ ತಮ್ಮನ ಮೊಮ್ಮಗಳು. ಜಾಣೆಯಾದವಳು "ಸುಮ್ನೆ ಪಾಠ ಹೇಳು" ಅಂದುಬಿಡುತ್ತಿದ್ದಳು. ಈಕೆ ಜಾಣೆಯಲ್ಲ, ಟೀಚರು.

"ನಂಗೊತ್ತಿಲ್ಲ ಕಣೇ. ಮಾಡೋನೊಬ್ಬ ಇರ್ಲೇಬೇಕು ಅಂತಾರೆ ಕೆಲವ್ರು. ಯಾರೂ ಬೇಕಾಗಿಲ್ಲ, ತಾನಾಗೇ ಆಯ್ತು ಅಂತಾರೆ ಇನ್ ಕೆಲವ್ರು. ನಂಗೇನೋ ಯಾರೂ ಬೇಕಾಗಿಲ್ಲ ಅನ್ಸುತ್ತೆ. ನೀನು ದೊಡ್ಡೋಳಾದ್ಮೇಲೆ ಯೋಚ್ನೆ ಮಾಡು."

ಗೋಡೆಗಳಿಲ್ಲದ ನಮ್ಮ ಮನೆಗಳಲ್ಲಿ ಇಂಥ ಮಾತು ಎಷ್ಟು ಹೊತ್ತು ನಿಂತೀತು? ಸಂಜೆಯ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು. ಮಾರನೆಯ ದಿನ ಪಾದ್ರಿ ಎಲಿಸಾಯ ಹೇಳಿಕಳಿಸಿದರು: ಹಬ್ಬವೊಂದು ಮುಗಿಯಲಿ, ಆಮೇಲೆ ಮಕ್ಕಳ ಪಾಠವನ್ನು ಬೇರೆ ಯಾರಿಗಾದರೂ ವಹಿಸುವ ವಿಚಾರ ಮಾಡೋಣ. ಗಂಡ ಹೋದ ಮೇಲೆ, ಬೆಳಿಗ್ಗೆ ಎದ್ದು ತಲೆ ಬಾಚಿಕೊಳ್ಳಲು ತಿಲೋಮಾಯಿಗಿದ್ದ ಕಾರಣ ಆ ಮಕ್ಕಳು ಮಾತ್ರ.

ತಮ್ಮ ಇಯೋಸೆಫೊ ಚರ್ಚಿನ ಹಿರಿಯರಲ್ಲೊಬ್ಬ. ಅವನಿಗೂ ಸಿಟ್ಟು ಬಂದಿತ್ತು. ಆದರೆ ನಮ್ಮಲ್ಲಿ ಅಕ್ಕನಿಗೆ ಎದುರಾಡುವ ತಮ್ಮ ಇನ್ನೂ ಹುಟ್ಟಿಲ್ಲ; ಅಕ್ಕನ ಶಾಪಕ್ಕೆ ಹೆದರದ ಗಂಡಸಿಲ್ಲ. ಹಾಗಾಗಿ ಅವನು ಬೈಯುವುದನ್ನೆಲ್ಲ ಅಂಗಳದ ಹಂದಿಗೆ ಬೈದ.

"ದೇವ್ರಿಲ್ದೇನೇ ಹುಟ್ಟಿದ್ಯಾ ನೀನು? ತಾನಾಗೇ ಉದ್ಭವ ಆದ್ಯಾ?"

"ಹಂದಿಗೆ ಹೇಳೋದನ್ನ ಹಂದಿಗೆ ಮಾತ್ರ ಕೇಳ್ಸೋ ಹಾಗೆ ಹೇಳಪ್ಪಾ," ಅಂದಳು ತಿಲೋಮಾಯಿ ಒಳಗಿನಿಂದ.

ಭಾನುವಾರ ಮಾಸಿನಾ ಒಂದಕ್ಷರ ತಪ್ಪದೆ ಒಪ್ಪಿಸಿದಳು. ಇಯೋಸೆಫೊ ಹಿಡಿದಿದ್ದ ಉಸಿರು ಬಿಟ್ಟದ್ದು ಹಿಂದಿನ ಬೆಂಚಿನವರಿಗೂ ಕೇಳಿಸಿತು. ಆ ದಿನ ಪಾದ್ರಿಯ ಊಟ ಅವನ ಮನೆಯಲ್ಲೇ.

ಉಳಿದ ಭಾನುವಾರಗಳಲ್ಲಿ ಪಾದ್ರಿಗೆ ಮೊದಲ ಪಂಕ್ತಿ, ಮಕ್ಕಳಿಗೆ ಕಟ್ಟಕಡೆಯದು. ಬಿಳಿ ಭಾನುವಾರ ಎಲ್ಲ ತಿರುಗುಮುರುಗು. ಮಕ್ಕಳು ಮೊದಲು ಚಾಪೆಯ ಮೇಲೆ ಕೂರುತ್ತಾರೆ. ದೊಡ್ಡವರು ಬಡಿಸಿ, ನೊಣ ಬರದಂತೆ ಬೀಸಣಿಗೆ ಬೀಸುತ್ತಾರೆ. ಆ ದಿನ ಮಕ್ಕಳನ್ನು ಗದರುವಂತಿಲ್ಲ. ಇದೆಲ್ಲ ಗೊತ್ತಿದ್ದೂ ಪಾದ್ರಿ ಬೀಸಣಿಗೆ ಹಿಡಿದು ಕೂತದ್ದು ಮಾಸಿನಾಳ ಎದುರಿಗೇ.

"ಪಾದ್ರಿಗಳೇ, ದೇವ್ರನ್ನ ಯಾರು ಮಾಡಿದ್ದು? ಅಜ್ಜಿ ಗೊತ್ತಿಲ್ಲ ಅಂದ್ಲು."

ತಿಲೋಮಾಯಿಯ ಕೈಲಿದ್ದ ಸೌಟು ಹಾಗೇ ನಿಂತಿತು. ಪಾದ್ರಿ ಮಾತ್ರ ಸಿದ್ಧವಾಗಿಯೇ ಬಂದವರಂತೆ ನಕ್ಕರು.

"ಈ ಊಟ ತಾನಾಗೇ ಬೆಂತೇನಮ್ಮಾ? ಯಾರೋ ಬೆಳಗಾಗೋಕೆ ಮುಂಚೆ ಎದ್ದು ಒಲೇಲಿ ಕಲ್ಲು ಕಾಯಿಸಿ, ಅದರ ಮೇಲೆ ಬೇಯೋಕಿಟ್ರಲ್ವಾ? ಹಾಗೇ ಲೋಕಕ್ಕೂ ಒಬ್ಬ ಬೇಕು."

"ಕಲ್ಲು ಕಾಯ್ಸಿದ್ದು ನಮ್ ತಾತ. ತಾತನ್ನ ಹೆತ್ತಿದ್ದು ಅವ್ರಮ್ಮ. ಅವ್ರಮ್ಮನ್ನ?"

ನಮ್ಮ ಮಕ್ಕಳಿಗೆ ವಂಶಾವಳಿ ನಾಲಿಗೆಯ ತುದಿಯಲ್ಲೇ ಇರುತ್ತದೆ. ಒಂದು ಮಗು ಒಂದು ಹೆಸರು ಕೂಗಿತು, ಪಕ್ಕದ್ದು ಅದರ ಹಿಂದಿನದು, ಅದರ ಪಕ್ಕದ್ದು ಇನ್ನೂ ಹಿಂದಿನದು. ಬಾಯಲ್ಲಿ ಕೋಳಿ ಇಟ್ಟುಕೊಂಡೇ ಕೂಗುತ್ತಾ ಹೋಗಿ, ವಂಶದ ಮೊದಲ ಅಜ್ಜಿಯ ಹತ್ತಿರ ಬಂದು ಎಲ್ಲ ನಿಂತರು.

"ಅವಳನ್ನ?" ಅಂದಳು ಮಾಸಿನಾ.

"ಅಲ್ಲಿಗೆ ದೇವ್ರು," ಅಂದರು ಪಾದ್ರಿ. "ಅವನನ್ನ ಯಾರೂ ಮಾಡ್ಲಿಲ್ಲ. ಅವನು ಯಾವಾಗ್ಲೂ ಇದ್ದ."

"ಯಾವಾಗ್ಲೂ ಇರ್ಬೋದು ಅನ್ನೋದಾದ್ರೆ, ಸಮುದ್ರಾನೇ ಯಾವಾಗ್ಲೂ ಇತ್ತು ಅನ್ಬೋದಲ್ವಾ?"

ಬೀಸಣಿಗೆ ನಿಂತಿತು. ಇಯೋಸೆಫೊನ ಕೈ ಮೇಲೆದ್ದಿತು; ದಿನ ಯಾವುದೆಂದು ನೆನಪಾಗಿ, ಅದೇ ಕೈಯಿಂದ ಮೊಮ್ಮಗಳಿಗೆ ಇನ್ನೊಂದು ತುಂಡು ಕೋಳಿ ಬಡಿಸಿದ. ನೆರೆದವರಿಗೆ ನಗು ತಡೆಯಲಾಗಲಿಲ್ಲ.

"ನೀವೇ ಹೇಳಿ ಟೀಚರಮ್ಮಾ," ಎಂದರು ಪಾದ್ರಿ. ಬಿಳಿ ಕೋಟಿನ ಕಾಲರು ಬೆವರಿನಿಂದ ಒದ್ದೆಯಾಗಿತ್ತು.

ಗೆಲ್ಲಬೇಕೆಂದಿದ್ದರೆ ತಿಲೋಮಾಯಿ ಆಗಲೇ ಗೆಲ್ಲಬಹುದಿತ್ತು. ಆದರೆ ಆ ಮನುಷ್ಯನನ್ನು ಕಂಡು ಅವಳಿಗೆ ಅಯ್ಯೋ ಅನ್ನಿಸಿತು. ಸುಳ್ಳು ಹೇಳುವ ಮನಸ್ಸೂ ಬರಲಿಲ್ಲ.

"ನಾನೂ ಹಿಂದೆ ಹೋಗ್ತಾ ಹೋಗ್ತಾ ಒಂದ್ಕಡೆ ನಿಂತುಬಿಡ್ತೀನಿ ಪಾದ್ರಿಗಳೇ. ನೀವು ಆ ಜಾಗದಲ್ಲಿ ದೇವ್ರ ಹೆಸ್ರು ಇಡ್ತೀರಿ. ನಾನು ಖಾಲಿ ಬಿಡ್ತೀನಿ."

"ಖಾಲಿ ಬಿಟ್ರೆ ಹೆದ್ರಿಕೆ ಆಗಲ್ವಾ?"

"ಮೊದ್ಲು ಆಗ್ತಿತ್ತು. ಈಗ ಮಕ್ಳು ಬಂದು ಕೂತ್ರೆ ಏನೂ ಅನ್ಸಲ್ಲ."

ಪಾದ್ರಿ ಮತ್ತೆ ಬೀಸತೊಡಗಿದರು. ಮಕ್ಕಳು ಐಸ್‌ಕ್ರೀಮೂ ಮುಗಿಸಿ ಅಂಗಳಕ್ಕೆ ಓಡಿದ ಮೇಲೆ ದೊಡ್ಡವರ ಪಂಕ್ತಿ ಕೂತಿತು. ಪಾದ್ರಿಯ ಪಕ್ಕದಲ್ಲಿ ಖಾಲಿ ಉಳಿದ ಜಾಗದಲ್ಲಿ ತಿಲೋಮಾಯಿಯೇ ಕೂರಬೇಕಾಯಿತು.

"ನಾನು ಚಿಕ್ಕೋನಿದ್ದಾಗ ಇದೇ ಪ್ರಶ್ನೆ ಕೇಳಿ ನಮ್ಮಪ್ಪನ ಕೈಲಿ ಒದೆ ತಿಂದಿದ್ದೆ," ಎಂದರು ಪಾದ್ರಿ ದನಿ ತಗ್ಗಿಸಿ. "ಪಾಠ ನೀವೇ ಮಾಡಿ. ಗೊತ್ತಿಲ್ಲ ಅಂತ ಹೇಳೋದಿದ್ರೆ ಹೇಳಿ. ಆಮೇಲೆ ನನ್ ಹತ್ರಾನೂ ಕಳ್ಸಿ, ನಂಗ್ ಗೊತ್ತಿರೋದು ನಾನು ಹೇಳ್ತೀನಿ."

ಅವಳ ಕಣ್ಣು ತುಂಬಿ ಬಂತು. ಸಂತೋಷಕ್ಕೆ, ಮುಚ್ಚಿಡುವಂಥದ್ದೇನಿಲ್ಲ. "ಕಳಿಸ್ತೀನಿ," ಅಂದಳು.

ಪಾದ್ರಿ ತಲೆ ತಗ್ಗಿಸಿ ಕಣ್ಣು ಮುಚ್ಚಿದರು. ಎಲಿಸಾಯರ ಪ್ರಾರ್ಥನೆ ಮುಗಿಯುವಷ್ಟರಲ್ಲಿ ಊಟ ತಣ್ಣಗಾಗುವುದು ಊರಿಗೆ ಗೊತ್ತಿದ್ದ ವಿಷಯ. ತಿಲೋಮಾಯಿ ಕಣ್ಣು ಮುಚ್ಚಲಿಲ್ಲ; ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು, ಊಟ ಮುಟ್ಟದೆ ಕಾದಳು. ಅವರು ಒಂದು ಕಣ್ಣು ತೆರೆದು ಅವಳ ಕೈಗಳನ್ನು ನೋಡಿದರು. ಆಮೆನ್ ಅಂದಾಗ ಎದುರಿನ ಕೆಸುವಿನ ಗಡ್ಡೆಯಿಂದ ಇನ್ನೂ ಹಬೆ ಏಳುತ್ತಿತ್ತು.