ದಫೇದಾರನ ಕತ್ತಿಯ ಹಿಡಿ

ಹೆಂಡತಿ ತನ್ನ ಕತ್ತಿಯ ಚಿನ್ನವನ್ನು ಕೆರೆದು ಕೆರೆದು ತಂಗಿಯ ಮನೆಗೆ ಸಾಗಿಸುತ್ತಿದ್ದಾಳೆ ಎಂಬ ಅನುಮಾನ ಸೀನಪ್ಪನ ತಲೆಗೆ ಹೊಕ್ಕಿದ್ದು ಆಯುಧಪೂಜೆಯ ಹಿಂದಿನ ದಿನ. ಹೊಕ್ಕಿದ್ದೇ ತಡ, ಆಸಾಮಿಗೆ ಉಂಡದ್ದು ಮೈಗೆ ಹತ್ತದಂತಾಯಿತು.

ಕತ್ತಿಯೇನು ಸಾಮಾನ್ಯದ್ದೇ? ಸೀನಪ್ಪ ಮೈಸೂರಿನ ಕುದುರೆ ದಂಡಿನಲ್ಲಿ ದಫೇದಾರನಾಗಿದ್ದವನು. ಜರ್ಮನಿ ಯುದ್ಧದಲ್ಲಿ ಮರಳುಗಾಡಿಗೆ ಹೋಗಿ, ಗುಂಡೇಟು ತಿಂದು ಬಿದ್ದಿದ್ದ ಅಧಿಕಾರಿಯೊಬ್ಬನನ್ನು ಕುದುರೆಯ ಮೇಲೆ ಹಾಕಿಕೊಂಡು ಬಂದದ್ದಕ್ಕೆ ಪರೇಡಿನಲ್ಲಿ ಎಲ್ಲರೆದುರು ಕೊಟ್ಟ ಬಿರುದಿನ ಕತ್ತಿ ಅದು. ಅಲಗಿನ ಮೇಲೆ ಅವನ ಹೆಸರು, ಥಳಥಳಿಸುವ ಹಳದಿ ಹಿಡಿ. "ಅಪರಂಜಿ ಕಣ್ರಲಾ" ಎಂದು ಕಾಮಸಮುದ್ರದ ಸಂತೆಯವರೆಗೂ ಡಂಗುರ ಸಾರಿದ್ದ. ಚಿನ್ನ ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಶೌರ್ಯಕ್ಕೆ ಕೊಟ್ಟದ್ದು ಇನ್ನೇನಾಗಿರುತ್ತದೆ ಎಂದು ತಾನೇ ತೀರ್ಮಾನ ಮಾಡಿಕೊಂಡಿದ್ದ.

ಅಂಥ ಕತ್ತಿಯನ್ನು ಹೆಂಡತಿ ಆದಿಲಕ್ಷ್ಮಮ್ಮ ಪ್ರತಿವರ್ಷ ಪೂಜೆಯ ಹಿಂದಿನ ದಿನ ಕೊಟ್ಟಿಗೆಗೆ ಒಯ್ದು ಅಗಳಿ ಹಾಕಿಕೊಳ್ಳುತ್ತಿದ್ದಳು. "ದೇವ್ರ ಕೆಲ್ಸ, ಈ ಕಡೀಕ್ ಬರಬ್ಯಾಡಿ" ಎನ್ನುತ್ತಿದ್ದಳು. ಈ ಸಲ ಸೀನಪ್ಪ ಬಾಗಿಲಿಗೆ ಕಿವಿಯಿಟ್ಟ. ಒಳಗೆ ಗಸಗಸ ಉಜ್ಜುವ ಸದ್ದು. ಚಿನ್ನವನ್ನು ಯಾರಾದರೂ ಅಷ್ಟೊತ್ತು ಉಜ್ಜುತ್ತಾರೆಯೇ? ಮೇಲಾಗಿ ಚಿನ್ನದ ಗಣಿಯೂರು ಚಾಂಪಿಯನ್ ರೀಫ್ಸಿನಲ್ಲಿದ್ದ ಅವಳ ತಂಗಿ ಮಂಗಮ್ಮನ ಕಿವಿಗೆ ಆಗಲೇ ಹೊಸ ಓಲೆ ಬಂದಿತ್ತು. ಸೀನಪ್ಪನಿಗೆ ಇನ್ನೇನು ಸಾಕ್ಷಿ ಬೇಕು!

ಗುಂಡಿಗೆ ಎದೆಯೊಡ್ಡಿದವನಿಗೆ ಹೆಂಡತಿಯನ್ನು ನೇರವಾಗಿ ಕೇಳುವ ಧೈರ್ಯ ಮಾತ್ರ ಬರಲಿಲ್ಲ. ತಿಂಗಳುಗಟ್ಟಲೆ ಒಳಗೊಳಗೇ ಕುದ್ದು, ಹುಣಸೆ ಉದುರುವ ಕಾಲಕ್ಕೆ ಕತ್ತಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹೊರಟ. ಎಷ್ಟು ಚಿನ್ನ ಹೋಗಿದೆಯೆಂದು ಆ ಗಣಿಯ ಪಕ್ಕದ ಮಾರಿಕುಪ್ಪಂನ ಅಕ್ಕಸಾಲಿಗ ಹೇಳುತ್ತಾನೆ ಎಂಬುದು ಅವನ ಲೆಕ್ಕ.

"ಮಾರಿಕುಪ್ಪಂಗೋಗಿ ಕತ್ತಿ ಒರೆ ರಿಪೇರಿ ಮಾಡಿಸ್ಕೊಂಡ್ ಬತ್ತೀನಿ" ಎಂದ.

ಆದಿಲಕ್ಷ್ಮಮ್ಮನ ಮುಖ ಕಪ್ಪಿಟ್ಟಿತು. "ನಾನೂ ಬತ್ತೀನಿ. ಮಂಗಿಗೆ ಒಸಾ ಉಣ್ಸೇಣ್ಣು ಕೊಟ್ಟಂಗಾಯ್ತದೆ" ಎಂದು ಗಂಟು ಕಟ್ಟಿದಳು.

ಕಳ್ಳಿ, ಗುಟ್ಟು ರಟ್ಟಾಗುತ್ತದೆ ಅಂತ ಬೆನ್ನು ಹತ್ತಿದಳು ಎಂದುಕೊಂಡ ಸೀನಪ್ಪ. ಬಂಗಾರಪೇಟೆಯಲ್ಲಿ ರೈಲು ಬದಲಿಸುವಾಗಲೂ ಕಂಬಳಿಯ ಸುರುಳಿಯನ್ನು ಅವಳ ಕೈಗೆ ಕೊಡಲಿಲ್ಲ.

ಮಾರಿಕುಪ್ಪಂ ನಿಲ್ದಾಣದಲ್ಲಿ ಗಣಿಯ ಕಾವಲುಗಾರ ಮುನಿಸ್ವಾಮಪ್ಪ ನಿಂತಿದ್ದ. ಚಿನ್ನ ಬಚ್ಚಿಟ್ಟಿದೆಯೇನೋ ಎಂದು ಹೆಣದ ಬಾಯನ್ನೂ ತೆರೆಸಿ ನೋಡುವ ಪೈಕಿ. ಬೆತ್ತದಿಂದ ಕಂಬಳಿ ಸರಿಸಿದ, ಹಳದಿ ಹಿಡಿ ಕಂಡ, ಕಣ್ಣು ಕಿರಿದು ಮಾಡಿದ.

"ಏನ್ ಪೆರಿಯವರೇ, ಯಜಮಾನ್ರೇ, ಇದು?"

"ಬಿರುದಿನ ಕತ್ತಿ. ಅದ್ರ ಇಡಿ ಅಪರಂಜೀದು."

"ಚಿನ್ನದ ಚೀಟಿ ಎಲ್ಲಿ?"

"ಚೀಟಿ ಯಾಕೆ? ಅಲಗಿನ ಮ್ಯಾಲೆ ನನ್ನ ಎಸ್ರೈತೆ, ಓದ್ಕೊ."

"ಅಲಗು ನಿಂದೇ ಇರ್ಬೋದು. ಹಿಡಿ ನಮ್ಮ ಗಣೀದು. ಕದ್ದ ಚಿನ್ನಾನ ಕತ್ತಿ ಮಾಡ್ಕೊಂಡು ತಿರುಗೋನ್ನ ಇವತ್ತೇ ನೋಡಿದ್ದು. ನಡಿ ಠಾಣೆಗೆ."

ಲೆಕ್ಕವಿಲ್ಲದ ಚಿನ್ನ ಗಣಿಯೂರಿನಲ್ಲಿ ಸಿಕ್ಕರೆ ಜೈಲೇ ಗತಿ. ಇದು ಸೀನಪ್ಪನಿಗೂ ಗೊತ್ತಿತ್ತು. ಆದಿಲಕ್ಷ್ಮಮ್ಮ ಅವನ ತೋಳು ಜಗ್ಗಿ, "ಇತ್ತಾಳೆ ಅನ್ನಿ" ಎಂದು ಪಿಸುಗುಟ್ಟಿದಳು.

"ಚಿನ್ನ ಕಣೇ. ಜೈಲಿಗೋದ್ರೂ ಚಿನ್ನವೇ" ಎಂದು ಎದೆಯುಬ್ಬಿಸಿ ನಿಂತ ಪುಣ್ಯಾತ್ಮ. ಕಾವಲುಗಾರ ಅವನ ರಟ್ಟೆ ಹಿಡಿದ.

ಆದಿಲಕ್ಷ್ಮಮ್ಮ ಕತ್ತಿಯನ್ನು ಕಿತ್ತುಕೊಂಡು ಪ್ಲಾಟ್‌ಫಾರಮ್ಮಿನ ಮೇಲೇ ಕೂತಳು. ಗಂಟು ಬಿಚ್ಚಿ ಒಂದು ಹಿಡಿ ಹುಣಸೇಹಣ್ಣು ತೆಗೆದು, ಚೊಂಬಿನ ನೀರಲ್ಲಿ ನೆನೆಸಿ, ಹಿಡಿಯ ಸಂದಿಗೆ ಹಾಕಿ ಗಸಗಸ ಉಜ್ಜಿದಳು. ಬೆರಳಿಗೆ ಹಸಿರು ಕಿಲುಬು ಹತ್ತಿತು. ಅದನ್ನು ಕಾವಲುಗಾರನ ಮೂಗಿನೆದುರು ಹಿಡಿದಳು.

"ಚಿನ್ನ ಕಿಲುಬು ಕಟ್ತದೇನಣ್ಣಾ? ಮ್ಯಾಲಿದ್ದ ಚಿನ್ನದ ನೀರು ಮೊದಲ್ನೇ ಪೂಜೆಗೇ ಓಯ್ತು. ಒಳಗೆಲ್ಲ ಇತ್ತಾಳೆ. ಇವ್ರ ಕಣ್ಣಿಗೆ ಬೀಳಬಾರ್ದು ಅಂತ ವರ್ಸಾ ವರ್ಸಾ ಉಜ್ಜಿ ಮಡಗ್ತೀನಿ."

ಮುನಿಸ್ವಾಮಪ್ಪ ಕಿಲುಬು ಮೂಸಿ ನೋಡಿ ರಟ್ಟೆ ಬಿಟ್ಟ. "ಹಿತ್ತಾಳೆಗೆ ಇಷ್ಟು ಮೀಸೇನಾ" ಎಂದು ನಕ್ಕ. ಸುತ್ತ ಕೂಡಿದ್ದವರೂ ನಕ್ಕು ಚದುರಿದರು. ಸೀನಪ್ಪನಿಗೆ ಆ ನಗು ತಾಗಲೇ ಇಲ್ಲ. ಕೊಟ್ಟಿಗೆಯೊಳಗಿನ ಗಸಗಸ ಸದ್ದು ಕಿವಿಯಲ್ಲಿ ತುಂಬಿಕೊಂಡು ಅವನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ನೀನು ಚಿನ್ನ ಕೆರೀತಿದ್ದೀಯ ಅಂದ್ಕೊಂಡಿದ್ದೆ" ಎಂದ.

"ಗೊತ್ತು" ಎಂದಳು ಕೈ ತೊಳೆಯುತ್ತ. "ಬಾಗ್ಲ ಸಂದೀಲಿ ನಿಮ್ಮ ಪಾದ ಕಾಣ್ತಿತ್ತು."

"ಮತ್ಯಾಕೆ ಏಳ್ಲಿಲ್ಲ?"

"ಏಳಿದ್ರೆ ನಾನು ಕಳ್ಳಿ ಆಗೋದು ತಪ್ತಿತ್ತು. ನಿಮ್ಮ ಕತ್ತಿ ಇತ್ತಾಳೆ ಆಗ್ತಿತ್ತು."

ಸೀನಪ್ಪ ಬಗ್ಗಿ ಕತ್ತಿಯನ್ನು ಕಂಬಳಿಯಲ್ಲಿ ಸುತ್ತಿದ, ಅವಳ ಕೈಗೆ ಕೊಟ್ಟ. ಹುಣಸೇಹಣ್ಣಿನ ಗಂಟನ್ನು ತಾನು ಹೆಗಲಿಗೇರಿಸಿಕೊಂಡು, ಮಂಗಮ್ಮನ ಮನೆಯ ದಾರಿ ಹಿಡಿದ.

"ಉಣ್ಸೇಣ್ಣೆಲ್ಲಾ ಅವ್ಳಿಗೇ ಕೊಡಬ್ಯಾಡ" ಎಂದ ತಿರುಗಿ ನೋಡದೆ. "ಬರೋ ಪೂಜೆಗೆ ನಾನೇ ಉಜ್ತೀನಿ, ಜಗ್ಲಿ ಮ್ಯಾಲೆ ಕೂತ್ಕೊಂಡು."