ಭೀಮಾ ದಂಡೆಯ ಕಲ್ಲು

ನನ್ನ ಗಂಡ ರೇವಣಸಿದ್ದ ಸತ್ತು ಎರಡು ವರ್ಷವಾಯಿತು. ಶಹಾಪುರದ ನಮ್ಮ ಮನೆಯಲ್ಲಿ ಮಾತ್ರ ಇನ್ನೂ ಸತ್ತಿಲ್ಲ. ಸರಕು ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸಕ್ಕಿದ್ದ. ಯಾರದೋ ಯುದ್ಧ, ಯಾರದೋ ಗೋಧಿ, ನಡುವೆ ಬಂದು ಬಿದ್ದ ಕ್ಷಿಪಣಿಗೆ ಇವನೇ ಬೇಕಾಗಿತ್ತು. ಹಡಗು ಮುಳುಗಿತು, ಹೆಣ ಸಿಗಲಿಲ್ಲ ಎಂದು ಕಂಪನಿಯವರು ಕಾಗದ ಕಳಿಸಿ ಕೈತೊಳೆದುಕೊಂಡರು.

ನಮ್ಮಲ್ಲಿ ಸತ್ತವರನ್ನು ಕುಣಿ ತೋಡಿ, ಕೂರಿಸಿ ಮಣ್ಣು ಕೊಡುತ್ತಾರೆ. ಹೆಣವಿಲ್ಲದೆ ಕುಣಿ ಹೇಗೆ, ಕುಣಿಯಿಲ್ಲದೆ ಸಾವು ಹೇಗೆ ಎಂದು ಅತ್ತೆ ದೇವಕ್ಕ ಹಠ ಹಿಡಿದಳು. ಸೋಮವಾರಕ್ಕೊಮ್ಮೆ ಎದುರು ಕೂರಿಸಿಕೊಂಡು ತಾನೇ ನನ್ನ ಹಣೆಗೆ ಕುಂಕುಮ ಇಡುತ್ತಾಳೆ. ಬಳೆ ಒಡೆದರೆ ಅಂದೇ ಹೊಸದು ತೊಡಿಸುತ್ತಾಳೆ. ಒಮ್ಮೆ ಅಡುಗೆಮನೆಯಲ್ಲಿ ಅಳುವಾಗ ಸಿಕ್ಕಿಬಿದ್ದೆ. "ಜೀವಂತ ಇದ್ದಾಂವಗ ಅಳಬಾರ್ದು, ಕೇಡಾಗ್ತದ," ಎಂದಳು. ಉಳ್ಳಾಗಡ್ಡಿ ಹೆಚ್ಚುವ ನೆಪ ಎಷ್ಟು ದಿನ ನಡೆದೀತು? ಗಂಡ ಸತ್ತವಳಿಂದ ಊರು ಎಲ್ಲವನ್ನೂ ಕಸಿದುಕೊಳ್ಳುತ್ತದೆ, ಅಳುವೊಂದನ್ನು ಬಿಡುತ್ತದೆ. ನನಗೆ ಅದೂ ಇಲ್ಲ. ಅವನು ಸತ್ತನೆಂದು ಯಾರಾದರೊಬ್ಬರು ಬಾಯಿಬಿಟ್ಟು ಹೇಳಿದ್ದರೆ ಸಾಕಿತ್ತು.

ಯುದ್ಧಗಳಲ್ಲಿ ಸಿಕ್ಕು ಹಡಗಿನ ಮೇಲೆ ಸತ್ತ ನಮ್ಮ ಕಡೆಯವರಿಗೆ ಯಾದಗಿರಿಯ ವರ್ತಕರು ಭೀಮಾ ನದಿಯ ದಂಡೆಯಲ್ಲಿ ಸ್ಮಾರಕ ನಿಲ್ಲಿಸುತ್ತಾರೆಂದು ತಿಳಿಯಿತು. ಸಮುದ್ರವನ್ನೇ ಕಾಣದ ಊರಿಗೆ ಈ ಉಮೇದು ಯಾಕೆ ಬಂತೋ ಏನೋ. ಅತ್ತೆಗೆ ಹೇಳದೆ ಅವನ ಹೆಸರು, ಹೆಂಡತಿಯೆಂದು ನನ್ನ ಹೆಸರು ಬರೆದು ಕಳಿಸಿದೆ. ಅವನೂ ಸೇರಿ ಮೂವರಾದರು. ಉದ್ಘಾಟನೆಯ ದಿನ ಬಸ್ಸು ಹತ್ತಿ ಬಂದು ಹಿಂದಿನ ಸಾಲಿನಲ್ಲಿ ಕೂತೆ. ಅಲ್ಲಿ ನನ್ನ ಗುರುತು ಯಾರಿಗೂ ಇರಲಿಲ್ಲ.

ಕಲ್ಲಿಗೆ ಬಟ್ಟೆ ಮುಚ್ಚಿದ್ದರು. ಮುಂದಿನ ಸಾಲಿನಲ್ಲಿ ಇನ್ನಿಬ್ಬರ ಹೆಂಡಂದಿರು ಕೂತಿದ್ದರು, ಬರಿಗೈ, ಬರಿಹಣೆ. ವರ್ತಕರ ಸಂಘದ ಅಧ್ಯಕ್ಷರ ಹೆಂಡತಿ ಮಲ್ಲೇಶ್ವರಿ, ಲಿಂಗ ಕಟ್ಟಿದವರಿಗೆ ಸೂತಕವಿಲ್ಲ ಎಂದು ಆಗಷ್ಟೇ ಮೈಕಿನಲ್ಲಿ ಹೇಳಿದ್ದಳು. ಇಳಿದು ಬಂದವಳೇ ದೀಪ ಹಚ್ಚಲು ಐದು ಮಂದಿ ಮುತ್ತೈದೆಯರನ್ನು ಹುಡುಕತೊಡಗಿದಳು. ಒಬ್ಬಳು ಕಡಿಮೆ ಬಿದ್ದಳು. ನನ್ನ ಕೈತುಂಬ ಬಳೆ ಕಂಡು, ಬಾ ತಂಗಿ ಎಂದು ಎಬ್ಬಿಸಿಕೊಂಡು ಹೋದಳು.

ಒಲ್ಲೆ ಅನ್ನಬಹುದಿತ್ತು. ಅನ್ನಲಿಲ್ಲ. ಎರಡು ವರ್ಷದಲ್ಲಿ ಅವನ ಹೆಸರಿನಲ್ಲಿ ಒಂದು ಊದಿನಕಡ್ಡಿ ಹಚ್ಚಲೂ ನನ್ನನ್ನು ಬಿಟ್ಟಿರಲಿಲ್ಲ. ಐದನೆಯ ಬತ್ತಿ ನಾನು ಹಚ್ಚಿದೆ.

ಬಟ್ಟೆ ಸರಿಸಿದರು. ಶಹಾಪುರದ ರೇವಣಸಿದ್ದನ ಹೆಂಡತಿ ಶಾಂಭವಿ ಬಂದು ಶಾಲು ಸ್ವೀಕರಿಸಬೇಕೆಂದು ಮೈಕಿನಲ್ಲಿ ಕೂಗಿದರು. ದೀಪದ ಪಕ್ಕದಲ್ಲಿದ್ದ ನಾನೇ ಮುಂದೆ ನಡೆದೆ. ಮಲ್ಲೇಶ್ವರಿ ಅಡ್ಡ ಬಂದು ನನ್ನ ಹಣೆ ನೋಡಿದಳು, ಕೈ ನೋಡಿದಳು.

"ನಿನ್ನ ಗಂಡ ಸತ್ತಾನ," ಎಂದಳು. "ಸತ್ತಾನ ಅಂತ ಗೊತ್ತಿದ್ದೂ ದೀಪಕ್ಕ ಹೆಂಗ ಕೈ ಹಚ್ಚಿದಿ?"

ನಾನು ಹಚ್ಚಿದ ಬತ್ತಿಯನ್ನು ಅವಳು ಎಲ್ಲರೆದುರು ಹೊಸಕಿ ಎಸೆದು, ಹೊಸ ಬತ್ತಿ ಇಟ್ಟು ತಾನೇ ಹಚ್ಚಿದಳು. ಎರಡು ವರ್ಷದಲ್ಲಿ ಅವನು ಸತ್ತನೆಂದು ನನ್ನ ಮುಖಕ್ಕೆ ಹೇಳಿದವಳು ಅವಳೊಬ್ಬಳೇ. ಅವಳ ಕೆನ್ನೆಗೆ ಬಾರಿಸಬೇಕೋ ಕಾಲು ಹಿಡಿಯಬೇಕೋ ತಿಳಿಯದೆ, ಅಲ್ಲೇ ಕುಸಿದು ಕೂತು ಅತ್ತುಬಿಟ್ಟೆ.